ಕಿರುಚಿದರೆ ಮಲಗುವ ಕೂಸು

ನಾನು ನಿಂತದ್ದು ಮರಾಠಿ ಸೀಮೆಯ ಸೀತಾಬರ್ಡಿಯಲ್ಲಿ, ಬಾಡಿಗೆ ಮನೆಗಳ ನಮ್ಮ ವಾಡೆಯ ಅಂಗಳದಲ್ಲಿ, ಬಾವಿಕಟ್ಟೆಯ ಬಲಕ್ಕೆ. ಐವತ್ತರ ದಶಕದ ಒಂದು ಮೇ ತಿಂಗಳು, ರವಿವಾರ, ಮಧ್ಯಾಹ್ನ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ಬಿಸಿಲಿಗೆ ನನ್ನ ತಲೆ ತಿರುಗಿರಬೇಕೆಂದು ಆಮೇಲೆ ಇದನ್ನು ಕೇಳಿದ ಕೆಲವರು ಅಂದರು. ಇಲ್ಲ; ನಾನು ನೆರಳಿನಲ್ಲಿದ್ದೆ.

ವಾಡೆಯ ಹಿಂಗೋಡೆಗೆ ಒಂದು ಟಾಕೀಜು ಅಂಟಿಕೊಂಡಿತ್ತು. ಅದರ ತಗಡಿನ ಸಂದಿಯಿಂದ ಸಿನಿಮಾದ ಸಪ್ಪಳವೆಲ್ಲ ನಮ್ಮ ಅಂಗಳಕ್ಕೆ ಸೋರುತ್ತಿತ್ತು. ಹದಿನಾಲ್ಕು ವಾರ ಒಂದು ದೆವ್ವದ ಸಿನಿಮಾ ನಡೆಯಿತು. ನನ್ನ ಹೊರತು ವಾಡೆಯಲ್ಲಿ ಯಾರೂ ಅದನ್ನು ನೋಡಲಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಸಿನಿಮಾದಲ್ಲಿ ಬಾಗಿಲು ಕಿರ್ರೆಂದರೆ ಹಾಲು ಒಲೆಗೇರಬೇಕು. ಪಿಟೀಲು ನಡುಗಿದರೆ ಒಣಗಿದ ಬಟ್ಟೆ ತೆಗೆಯಬೇಕು. ಹೆಂಗಸು ಕಿರುಚಿದರೆ ಚಹಾ.

ವಿಕಾರ ಧ್ವನಿ, ನರಿಯ ಊಳು, ಗೂಬೆಯ ಕೂಗು ಭಯಾನಕ ರಸವನ್ನು ಹುಟ್ಟಿಸುತ್ತವೆ ಎನ್ನುತ್ತಾರೆ ಅಲಂಕಾರಶಾಸ್ತ್ರದವರು. ಅವರು ಟಾಕೀಜಿನ ಹಿಂದೆ ಬಾಡಿಗೆಗಿದ್ದವರಲ್ಲ. ನಾನು ಟಿಕೀಟು ಕೊಂಡು ಒಳಗೆ ಹೋದಾಗ ಅದೇ ಪಿಟೀಲಿಗೆ ಮುಂದಿನ ಕುರ್ಚಿಯವನ ಭುಜ ಹಿಡಿದುಕೊಂಡೆ. ಪರದೆಯ ಮೇಲೆ ಇದ್ದದ್ದು ಒಂದು ಖಾಲಿ ಮೆಟ್ಟಿಲು. ಸಪ್ಪಳ ತಾನಾಗಿ ಹೆದರಿಸುವುದಿಲ್ಲ. ಮುಂದೇನು ಬರುತ್ತದೋ ಎಂದು ಕಾಯಿಸಿ ಹೆದರಿಸುತ್ತದೆ. ಅಂಗಳದಲ್ಲಿ ಮುಂದೆ ಬರುವುದು ಚಹಾ ಎಂದು ನಮಗೆ ಗೊತ್ತಿತ್ತು.

ಪಕ್ಕದ ಮನೆಯ ರೈಲ್ವೆ ಹೆಡ್ ಕ್ಲಾರ್ಕ್ ವೆಂಕೋಬರಾಯರ ಮೊಮ್ಮಗಳು ಕುಸುಮಾ ಆ ವಾರಗಳಲ್ಲೇ ಹುಟ್ಟಿ, ಆ ಕಿರುಚಾಟಕ್ಕೇ ನಿದ್ದೆ ಹೋಗುವುದನ್ನು ಕಲಿತಳು. ಆಮೇಲೆ ಟಾಕೀಜಿಗೆ ಭಕ್ತಿಚಿತ್ರ ಬಂತು. ಗಂಟೆ, ಭಜನೆ ಕೇಳಿದರೆ ಸಾಕು, ಕೂಸು ಉಸಿರುಗಟ್ಟಿ ಅಳುತ್ತಿತ್ತು. ಮೂರು ದಿನ ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಜ್ವರವೂ ಬಂತು. ಇವತ್ತೂ ನಿದ್ದೆ ಬರದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದರು ಡಾಕ್ಟರು.

ಜೋಗುಳ ಹಾಡಿ ಹಾಡಿ ಗಂಟಲು ಕಟ್ಟಿದ್ದ ತಾಯಿ ಶಾಂತಾ, ದೆವ್ವದ ಸಿನಿಮಾ ತಿರುಗಿ ಹಾಕಿರೆಂದು ಟಾಕೀಜಿನ ಮ್ಯಾನೇಜರನನ್ನು ಕೇಳಿಬಂದಳು. "ರೀಲಿನ ಪೆಟ್ಟಿಗಿ ಅಮರಾವತಿಗೆ ಹೋತಂತ," ಎಂದು ಕುಸಿದು ಕೂತಳು.

ರಾಯರ ಹೆಂಡತಿ ಗೋದಕ್ಕ ಗಂಡನ ಕಡೆ ತಿರುಗಿದರು. ಗೋದಕ್ಕನಿಗೆ ದಮ್ಮು, ಕಿರುಚಲು ಉಸಿರಿಲ್ಲ. "ನೀವ ಕಿರುಚ್ರಿ."

"ಸಂಧ್ಯಾವಂದನಿ ಮಾಡೋ ಬಾಯಿ ಇದು."

"ಆಫೀಸಿನ್ಯಾಗ ಗುಮಾಸ್ತರ ಮ್ಯಾಲೆ ಒದರತೀರಲ್ಲ, ಅದನ್ನ ಸ್ವಲ್ಪ ಸಣ್ಣ ದನೀಲೆ ಒದರ್ರಿ. ಜಲ್ದಿ."

ಬಾಗಿಲಿನ ಸಪ್ಪಳಕ್ಕೆ ನಾನು ಬಾವಿಯ ರಾಟೆ ತಿರುವಿದೆ. ವಾಡೆಯ ಮಾಲಕಿ ಮಾಯಿ ಹಿತ್ತಾಳೆಯ ತಾಟಿನ ಮೇಲೆ ಸೌಟು ಎಳೆದು ಪಿಟೀಲಾದಳು. ಕೂಸು ಅಳು ನಿಲ್ಲಿಸಿ ಕಾಯಿತು. ರಾಯರು ಕೋಟಿನ ಗುಂಡಿ ಹಾಕಿಕೊಂಡರು, ಕಣ್ಣು ಮುಚ್ಚಿದರು, ಕಿರುಚಿದರು. ಆ ಕೂಗನ್ನು ವರ್ಣಿಸಲಾರೆ. ರಾಟೆಯ ಹಗ್ಗ ನನ್ನ ಕೈಯಿಂದ ಜಾರಿ ಕೊಡ ಬಾವಿಗೆ ಬಿತ್ತು.

ಕುಸುಮಾ ಆಕಳಿಸಿ ಮಲಗಿದಳು.

ಗೋಡೆಯಾಚೆ ಆಗ ದೇವರು ಪ್ರತ್ಯಕ್ಷನಾಗುವ ಹೊತ್ತು. ಸಿನಿಮಾ ನೋಡಲು ಬಂದ ಭಕ್ತರು ಕುರ್ಚಿ ಕೆಡವಿಕೊಂಡು ಓಡುವ ಸಪ್ಪಳ ಕೇಳಿತು. ಮ್ಯಾನೇಜರನ ತಲೆ ಗೋಡೆಯ ಮೇಲೆ ಕಾಣಿಸಿತು. ಸತ್ತವರು ಯಾರೆಂದು ಕೇಳಿದ. ಶಾಂತಾ ತುಟಿಗೆ ಬೆರಳಿಟ್ಟು, ಮೆಲ್ಲಗೆ ಮಾತಾಡಿರಿ, ಕೂಸು ಮಲಗಿದೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಸಂಜೆಗೆ ಜ್ವರ ಇಳಿಯಿತು.

ಇದನ್ನು ಕಂಡವರಲ್ಲಿ ರಾಯರು, ಗೋದಕ್ಕ, ಮಾಯಿ ಈಗಿಲ್ಲ. ಮ್ಯಾನೇಜರ್ ಎಲ್ಲಿಗೆ ಹೋದನೋ ತಿಳಿಯದು. ನಾನಿದ್ದೇನೆ, ಶಾಂತಾ ಇದ್ದಾಳೆ. ಕುಸುಮಾಳೂ ಇದ್ದಾಳೆ, ಆದರೆ ಅವಳು ಆಗ ನಿದ್ದೆಯಲ್ಲಿದ್ದಳು, ಅವಳ ಸಾಕ್ಷಿ ನಡೆಯುವುದಿಲ್ಲ.