ಉಚ್ಚಂಗೆಪ್ಪನ ಮೆಕ್ಸಿಕೋ ವ್ಯವಹಾರ

ಬಿಳಿಚೋಡಿನ ಉಚ್ಚಂಗೆಪ್ಪ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸಂತೆಗಳಲ್ಲಿ ಒಣಮೆಣಸಿನಕಾಯಿ ಮಾರಿಕೊಂಡೇ ತಲೆ ನೆರೆಸಿಕೊಂಡವನು. ಈಚೆಗೆ ಎರಡು ವರ್ಷದಿಂದ ಮೆಣಸಿನಕಾಯಿ ಜೊತೆ ಮೆಕ್ಸಿಕೋ ದೇಶವನ್ನೂ ಹಂಚುತ್ತಿದ್ದ. ಮಗಳು ಸಂಧ್ಯಾರಾಣಿ ಅಲ್ಲಿನ ಸಂತೆಗಳ ರೀತಿನೀತಿ ಕುರಿತು ಪಿಎಚ್.ಡಿ. ಮಾಡುತ್ತಿದ್ದಳಲ್ಲ! "ಮೆಣಸಿನಕಾಯಿ ಹುಟ್ಟಿದ್ದೇ ಅಲ್ಲಿ ಕಣ್ರೀ" ಎಂದು ಅವನು ಹೇಳುವ ಠೀವಿ ನೋಡಿದರೆ, ಹೆರಿಗೆಯ ಹೊತ್ತಿಗೆ ಇವನೇ ಬಾಗಿಲಲ್ಲಿ ನಿಂತಿದ್ದನೇನೋ ಅನ್ನಬೇಕು.

ಈಗ ಆ ದೇಶಕ್ಕೇ ಸಂಚಕಾರ ಬಂದಿತ್ತು. ಅಲ್ಲಿನ ಓಫೇಲಿಯಾ ಎಂಬ ಮೆಣಸಿನಕಾಯಿ ವ್ಯಾಪಾರದ ಹೆಂಗಸನ್ನು ಸಂಧ್ಯಾ ಫೋನಿನಲ್ಲಿ ಆರು ಸಲ ಮಾತಾಡಿಸಿದ್ದಳು. ಆಕೆಯ ಬಾಯಿಂದ ಹೌದು, ಇಲ್ಲ ಬಿಟ್ಟು ಹೆಚ್ಚೇನೂ ಹೊರಟಿರಲಿಲ್ಲ. "ಈ ವಾರ ಏನಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ವಿಷಯ ಬದಲಾಯಿಸು" ಎಂದುಬಿಟ್ಟಿದ್ದರು ಗೈಡು. ಎರಡು ವರ್ಷ ಕಲಿತ ಸ್ಪ್ಯಾನಿಷ್ ನೀರುಪಾಲಾಗುತ್ತಿತ್ತು. ಹುಡುಗಿ ಊಟ ಬಿಟ್ಟಿದ್ದಳು. ಅಪ್ಪನಿಗೆ ಆ ಸಂಕಟದ ಜೊತೆಗೆ, ನಾಲ್ಕು ತಾಲ್ಲೂಕಿಗೆ ಹಂಚಿದ ಮೆಕ್ಸಿಕೋವನ್ನು ವಾಪಸ್ ತರುವುದು ಹೇಗೆಂಬ ಚಿಂತೆ ಬೇರೆ.

ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ಅಳುವುದಕ್ಕಿಂತ ವಾಸಿಯೆಂದು ಸಂಧ್ಯಾ ಹೊನ್ನಾಳಿ ಸಂತೆಗೆ ಬಂದು, ಸಂಜೆ ಏಳಕ್ಕೆ ಅಪ್ಪನ ಮೂಟೆಯ ಮೇಲೆ ಕೂತೇ ಓಫೇಲಿಯಾಗೆ ವಿಡಿಯೋ ಕಾಲ್ ಹಚ್ಚಿದಳು. ಅಲ್ಲಿ ಆಗಿನ್ನೂ ಬೆಳಗಿನ ವ್ಯಾಪಾರ. ಗಿರಾಕಿಯೊಬ್ಬಳು ತೂಕ ಮುಗಿದರೂ ಚೀಲದ ಬಾಯಿ ಮುಚ್ಚದೆ ನಿಂತಿದ್ದಳು. ಓಫೇಲಿಯಾ ಇನ್ನೊಂದು ಹಿಡಿ ಸುರಿದಳು.

"ಕೊಸರು ಹಾಕಿದ್ಲು ನೋಡು," ಎಂದ ಉಚ್ಚಂಗೆಪ್ಪ, ಇಣುಕಿ.

"ಅದನ್ನೇ ಕೇಳ್ತಿರೋದು ಅಪ್ಪಾಜಿ. ಕೊಡ್ತೀರಾ ಅಂದ್ರೆ ಹೌದು ಅಂತಾರೆ. ಯಾಕೆ ಅಂದ್ರೆ ಪದ್ಧತಿ ಅಂತಾರೆ. ಮುಗೀತು."

"ಪೊಲೀಸ್ನೋರು ಕೇಳ್ದಂಗೆ ಕೇಳಿದ್ರೆ ಇನ್ನೇನು ಹೇಳ್ತಾಳವ್ವ? ಯಾರಿಗೆ ಕೊಡಾಕಿಲ್ಲ ಅಂತ ಕೇಳು."

ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವ ಚಮನಬಿ ಕತ್ತು ಚಾಚಿದಳು. "ಹಂಗೆ ಕೇಳ್ಬೇಕು. ನಂದೇ ಒಂದು ಪಟ್ಟಿ ಐತೆ."

ಸಂಧ್ಯಾ ಕೇಳಿದಳು. ಓಫೇಲಿಯಾ ತಕ್ಕಡಿಯಿಂದ ತಲೆ ಎತ್ತಿದಳು, ಎಡಕ್ಕೆ ಬಲಕ್ಕೆ ನೋಡಿದಳು, ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. ಆಮೇಲೆ ನಲವತ್ತು ನಿಮಿಷ ಅವಳನ್ನು ತಡೆಯುವವರಿರಲಿಲ್ಲ. ಮೊದಲು ನಾದಿನಿ. ಆಮೇಲೆ ತೂಕಕ್ಕೆ ಮುಂಚೆಯೇ ಕೈಚಾಚುವವರು. ಕಾಯಿಯನ್ನೆಲ್ಲ ಮುರಿದು ನೋಡಿ ಪಕ್ಕದಂಗಡಿಯಲ್ಲಿ ಕೊಳ್ಳುವವಳೊಬ್ಬಳು. ಗಂಡ ಸತ್ತ ನೆರೆಯವಳಿಗೆ ಮಾತ್ರ ಒಂದು ವರ್ಷ ಕೇಳದೆಯೇ ಎರಡು ಹಿಡಿ. ಸಂಧ್ಯಾ ಬರೆದುಕೊಳ್ಳುತ್ತಲೇ ಕನ್ನಡದಲ್ಲಿ ಒದರುತ್ತಿದ್ದಳು.

"ಆ ಮುರಿಯೋಳು ನಮ್ಮಲ್ಲಿಗೂ ಬರ್ತಾಳಲ್ರೀ ಅಣ್ಣ," ಎಂದಳು ಚಮನಬಿ.

ರೆಕಾರ್ಡಿಂಗ್ ಕೇಳಿದ ಗೈಡಿನ ತೀರ್ಮಾನ ತಿಳಿಸಿ ಮಗಳು ಫೋನ್ ಮಾಡಿದ್ದು ಅಪ್ಪ ನ್ಯಾಮತಿ ಸಂತೆಯಲ್ಲಿದ್ದಾಗ, ಮಧ್ಯಾಹ್ನ ಮೂರಕ್ಕೆ. ಉಚ್ಚಂಗೆಪ್ಪ ಹೂಂಗುಟ್ಟಿ ಹೂಂಗುಟ್ಟಿ, ಖಾಲಿ ಗೋಣಿಯ ಮೇಲೆ ಕೂತ.

"ಏನಂತೆ ಅಣ್ಣ?" ಎಂದಳು ಅಲ್ಲೂ ಪಕ್ಕದಲ್ಲೇ ಬೆಳ್ಳುಳ್ಳಿ ಹರಡಿದ್ದ ಚಮನಬಿ.

"ಇದೇ ವಿಷಯ ಇರ್ಲಿ ಅಂದ್ರಂತೆ ಚಮನಕ್ಕ. ಒಂದು ಅಧ್ಯಾಯನೇ ಆಗ್ತೈತಂತೆ."

"ಹುಡುಗಿ ಉಂಡ್ಳಂತಾ?"

"ಎರಡು ಸಲ ಅನ್ನ ಹಾಕಿಸ್ಕೊಂಡ್ಳಂತೆ."

ಆಗಲೇ ಅವನಿಗೆ ತನ್ನ ಹೊಟ್ಟೆಯ ನೆನಪಾಯಿತು. ಬುತ್ತಿ ಬಿಚ್ಚಿ ರೊಟ್ಟಿ ಮುರಿದ. ಯಾರೋ ಬಂದು ಅರ್ಧ ಕೆ.ಜಿ. ಕೇಳಿದರು.

"ಒಂದೀಟು ತಡೀರಿ ಯಜಮಾನ್ರೇ," ಎಂದ ಉಚ್ಚಂಗೆಪ್ಪ. "ಉಣ್ತಾ ಇದೀನಿ."