ಒಂದನೇ ನಂಬರಿನ ಮನೆಗಳು

ಆರ್ಡಿಸ್ ಕುಬಿಯಾಕ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಆಲ್ಡರ್ ಫಾಲ್ಸಿನಲ್ಲಿ ಹುಟ್ಟಿ ಬೆಳೆದು ಈಗ ನಡುವಯಸ್ಸಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಎಂದಾದರೂ ಒಂದು ಬೆಳಿಗ್ಗೆ ಅವಳಿಂದ ಗದರಿಸಿಕೊಂಡು ಸೀಟಿನಲ್ಲಿ ಕೂತವರೇ. ಹಾಗಾಗಿ ಅವಳು ಬಾಗಿಲು ತಟ್ಟಿದರೆ ಯಾರೂ ಒಳಗೆ ಅಡಗಿ ಕೂರುತ್ತಿರಲಿಲ್ಲ. ಬಾಗಿಲು ತೆಗೆದು, ತಮಗೆ ಗೊತ್ತಿಲ್ಲದೆಯೇ ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದರು. ಇದು ಪಕ್ಷದವರಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಮಿಲ್ ಸ್ಟ್ರೀಟೂ ಅದರ ಹಿಂದಿನ ಎರಡು ಬೀದಿಗಳೂ ಅವಳ ಪಾಲಿನವು. ಚುನಾವಣೆ ಯಾವುದೇ ಇರಲಿ, ಅಲ್ಲಿನ ಮನೆಮನೆ ಸುತ್ತುವವಳು ಅವಳೇ.

ಈ ಬೇಸಿಗೆಯಲ್ಲಿ ಅವಳು ಸುತ್ತಿದ್ದು ಮಾಯ್ಲೀ ವಾಂಗ್‌ಗಾಗಿ. ಮಾಯ್ಲೀ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಲಾವೋಸ್ ಬಿಟ್ಟು ಬಂದ ಹ್ಮಾಂಗ್ ಕುಟುಂಬದವಳು. ಎರಡನೇ ಕ್ಲಾಸಿನಲ್ಲಿ ಆರ್ಡಿಸಳ ಬಸ್ಸಿನ ಮುಂದಿನ ಸೀಟಿನಲ್ಲೇ ಕೂರುತ್ತಿದ್ದವಳು. ರಾಜ್ಯದ ಶಾಸನಸಭೆಗೆ ಪಕ್ಷದ ಟಿಕೆಟ್ ಕೇಳಿದಳು. ಪಕ್ಷದ ಅಭ್ಯರ್ಥಿ ಯಾರೆಂದು ಜನರೇ ಓಟು ಹಾಕಿ ಆರಿಸುವ ಆಗಸ್ಟಿನ ಪ್ರೈಮರಿಯಲ್ಲಿ ಅವಳ ಎದುರು ನಿಂತವನು ಡೀನ್ ಹಾಲ್ವರ್ಸನ್, ಹಾರ್ಡ್‌ವೇರ್ ಅಂಗಡಿಯ ಡೀನ್, ಹದಿನಾರು ವರ್ಷದಿಂದ ಕೌಂಟಿ ಮಂಡಳಿಯ ಸದಸ್ಯ. ಕೆಟ್ಟವನೆಂದು ಅವನನ್ನು ಯಾರೂ ಅನ್ನುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಆದರೆ ನಾಲ್ಕು ವರ್ಷದ ಹಿಂದೆ ಕೌಂಟಿಯ ವೃದ್ಧರ ಆಸ್ಪತ್ರೆಯನ್ನು ಖಾಸಗಿ ಕಂಪನಿಗೆ ಮಾರುವಾಗ ಎದ್ದ ಕೈಗಳಲ್ಲಿ ಅವನದೂ ಒಂದು.

ಆರ್ಡಿಸಳ ಎದುರು ಮನೆಯ ಕೊರಿನ್ ಶ್ಮಿಟ್ ಆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದಳು. ಮಾರಿದ ಮೇಲೆ ಹದಿನೆಂಟು ಹಾಸಿಗೆಗೆ ಒಬ್ಬಳೇ ಆಯಾ ಎಂದಾಯಿತು. ಒಂದು ದಿನ ಒಬ್ಬ ದಪ್ಪ ಮುದುಕನನ್ನು ಒಬ್ಬಳೇ ಎತ್ತಲು ಹೋಗಿ ಕೊರಿನ್‌ಳ ಬೆನ್ನು ಹೋಯಿತು, ಬೆನ್ನಿನ ಜೊತೆ ಕೆಲಸವೂ ಹೋಯಿತು. ಓಟು ಹಾಕುವ ಅಭ್ಯಾಸವನ್ನು ಅವಳು ಅದಕ್ಕೂ ಮೊದಲೇ ಬಿಟ್ಟಿದ್ದಳು. ಜುಲೈ ತಿಂಗಳಲ್ಲಿ ಆರ್ಡಿಸ್ ಅವಳ ಜಗಲಿಯ ಮೇಲೆ ಕೂತು ಹೇಳಿದ್ದು ಒಂದೇ ಮಾತು: "ಡೀನ್‌ಗೆ ಓಟು ಹಾಕೋದೂ ಒಂದೇ, ನಿನ್ನ ಬೆನ್ನಿಗೆ ನೀನೇ ಒದ್ಕೊಳೋದೂ ಒಂದೇ ಕಣೇ."

ಕೊರಿನ್ ಮೊದಲು ನಕ್ಕಳು, ಆಮೇಲೆ ಅತ್ತಳು. ಆಗಸ್ಟಿನಲ್ಲಿ, ಹತ್ತೊಂಬತ್ತು ವರ್ಷದ ನಂತರ, ಊರುಗೋಲು ಹಿಡಿದು ಹೋಗಿ ಮಾಯ್ಲೀಗೆ ಓಟು ಹಾಕಿ ಬಂದಳು. ಮಾಯ್ಲೀ ಇನ್ನೂರ ಹನ್ನೆರಡು ಓಟಿನಿಂದ ಸೋತಳು.

ಮಾರನೆಯ ಬೆಳಿಗ್ಗೆ ಕೊರಿನ್ ತನ್ನ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ ಮಾಯ್ಲೀ ಹೆಸರಿನ ಫಲಕವನ್ನು ಕಿತ್ತು, ಗ್ಯಾರೇಜಿನ ಗೋಡೆಗೆ ಮುಖ ತಿರುಗಿಸಿ ಒರಗಿಸಿದ್ದಳು, ಅಷ್ಟೆ. ಅಂದಿನಿಂದ ಆರ್ಡಿಸ್ ಅಂಚೆ ಡಬ್ಬಿಗೆ ಹೋಗುವಾಗಲೂ ಆ ಕಡೆ ನೋಡದೆ ಹೋಗಿ ಬರುವುದನ್ನು ಕಲಿತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಾತು ಎದುರು ಮನೆಯ ಜಗಲಿಯ ಮೇಲೆಯೇ ಕೂತಿತ್ತು. ಪಕ್ಷದ ಟಿಕೆಟ್ ಡೀನ್ ಪಾಲಾಗಿತ್ತು. ಈಗ ನವೆಂಬರಿನ ಚುನಾವಣೆಯಲ್ಲಿ ಅದೇ ಡೀನ್‌ಗೆ ಓಟು ಹಾಕು ಎಂದು ಅದೇ ಜಗಲಿ ಹತ್ತಬೇಕು. ಹತ್ತಿದರೆ ಗೆಳತಿಯ ಕಣ್ಣಲ್ಲಿ ತಾನು ಸುಳ್ಳಿ, ಹತ್ತದಿದ್ದರೆ ಹೇಡಿ.

ಗಂಡ ಕ್ಲೆಮ್ ಕಾಗದದ ಗಿರಣಿಯಿಂದ ನಿವೃತ್ತನಾದವನು. ರಾಜಕೀಯವನ್ನು ಅವನು ಬೇಸ್‌ಬಾಲಿನಂತೆ ಕುರ್ಚಿಯಲ್ಲಿ ಕೂತೇ ನೋಡುವವನು. ಹೆಂಡತಿ ಮೂರು ವಾರ ಮಂಕಾಗಿ ಕೂತದ್ದನ್ನು ಕಂಡು, ಒಂದೋ ಉಗುಳು ಇಲ್ಲವೇ ನುಂಗು, ಬಾಯಲ್ಲೇ ಇಟ್ಟುಕೊಂಡು ಓಡಾಡಬೇಡ ಎಂದ. ಆರ್ಡಿಸ್ ಅವನ ಕಾಫಿಗೆ ಅಂದು ಹಾಲು ಹಾಕಲಿಲ್ಲ.

ಸೆಪ್ಟೆಂಬರಿನ ಒಂದು ಶುಕ್ರವಾರ, ನದಿಯ ಪಕ್ಕದ ಹೋಟೆಲಿನ ಕರಿದ ಮೀನಿನ ಊಟದ ಜೊತೆಗೇ ಪಕ್ಷದವರು ಒಗ್ಗಟ್ಟಿನ ಊಟವನ್ನೂ ಇಟ್ಟುಕೊಂಡರು. ಗೆದ್ದವರ ಪಕ್ಕ ಸೋತವರು ನಿಂತು ಕೈ ಎತ್ತಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಡೀನ್ ಮಾಯ್ಲೀಯ ಕೈ ಹಿಡಿದು ಮೇಲೆತ್ತಿದ. ಅವನು ಉದ್ದ, ಅವಳು ಕುಳ್ಳಿ. ಅವಳ ಹಿಮ್ಮಡಿ ನೆಲ ಬಿಟ್ಟಿತ್ತು. ಜನ ಚಪ್ಪಾಳೆ ತಟ್ಟಿದರು. ಆರ್ಡಿಸಳ ತಟ್ಟೆಯಲ್ಲಿ ಮೀನು ತಣ್ಣಗಾಯಿತು.

ಆಮೇಲೆ ಮಾಯ್ಲೀ ತನ್ನ ತಟ್ಟೆ ಹಿಡಿದು ಬಂದು ಅವಳ ಪಕ್ಕದಲ್ಲೇ ಕೂತಳು. ಎಲೆಕೋಸಿನ ಪಲ್ಯವನ್ನು ಫೋರ್ಕಿನಿಂದ ಅತ್ತಿತ್ತ ಮಾಡುತ್ತ, ನನಗೇನು ಇದು ಹಬ್ಬವೇ ಎಂದಳು. ಹೋದ ಸಲ ಈ ಸೀಟು ಕೈತಪ್ಪಿದ್ದು ಎಂಬತ್ತೆಂಟು ಓಟಿನಿಂದ ಎಂದು ನೆನಪಿಸಿದಳು. ಮತ್ತೆ ದನಿ ತಗ್ಗಿಸಿ ಹೇಳಿದಳು: "ಎದುರು ಪಕ್ಷದವನು ಗೆದ್ರೆ ಮನೆಗೆ ಹೋಗೋ ನರ್ಸ್‌ಗಳನ್ನ ನಿಲ್ಲಿಸ್ತೀನಿ ಅಂತ ಬಾಯ್ಬಿಟ್ಟೇ ಹೇಳಿದಾನೆ. ನನ್ನ ಕೈಲಿ ನಲವತ್ತು ಜನ ಪೇಷೆಂಟ್ ಇದಾರೆ. ನನ್ನ ಸಿಟ್ಟು ಅವ್ರಿಗೆ ಇನ್ಸುಲಿನ್ ಚುಚ್ಚಲ್ಲ, ಆರ್ಡಿಸ್."

ಆರ್ಡಿಸ್ ತಣ್ಣಗಾದ ಮೀನನ್ನು ಪಕ್ಕಕ್ಕೆ ಸರಿಸಿ ಎದ್ದಳು. ಹೊರಗೆ ಬರುವಾಗ ಬಾಗಿಲಲ್ಲಿ ಗೋರ್ಡನ್ ಮನೆಗಳ ಪಟ್ಟಿ ಹಂಚುತ್ತ ನಿಂತಿದ್ದ. ಗೋರ್ಡನ್ ಹೈಸ್ಕೂಲಿನ ಹಳೆಯ ಗಣಿತದ ಮೇಷ್ಟ್ರು, ಈಗ ಪಕ್ಷದ ಪಟ್ಟಿಗಳೆಲ್ಲ ಅವನ ಕೈಯಲ್ಲಿ. ಎಲ್ಲರಿಗೂ ಫೋನಿನಲ್ಲಿ ಕಳಿಸುವ ಪಟ್ಟಿಯನ್ನು ಇವಳೊಬ್ಬಳಿಗೆ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದ. ಆರ್ಡಿಸ್ ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡಳು.

ಶನಿವಾರ ಹತ್ತು ಗಂಟೆಗೆ ಹೊರಟಳು. ಕಾಲಿಗೆ ಮನಸ್ಸಿರಲಿಲ್ಲ, ಅಭ್ಯಾಸವಿತ್ತು. ಈ ಕೆಲಸದಲ್ಲಿ ಪ್ರತಿ ಹೆಸರಿಗೂ ಒಂದು ನಂಬರು ಇರುತ್ತದೆ. ಖಂಡಿತ ನಮ್ಮವರಾದರೆ ಒಂದು, ಖಂಡಿತ ಎದುರಾಳಿಯವರಾದರೆ ಐದು, ಅತ್ತ ಇತ್ತ ತೂಗುವವರಿಗೆ ಮೂರು; ನಮ್ಮ ಕಡೆ ವಾಲಿದವರಿಗೆ ಎರಡು, ಆ ಕಡೆ ವಾಲಿದವರಿಗೆ ನಾಲ್ಕು. ಒಂದರವರು ಹೇಗೂ ಬರುತ್ತಾರೆ, ಐದರವರು ಹೇಗೂ ಬರುವುದಿಲ್ಲ. ಬಾಗಿಲು ತಟ್ಟಬೇಕಾದ್ದು ನಡುವಿನವರದು ಮಾತ್ರ. ಆರ್ಡಿಸ್ ಹಾಳೆ ಬಿಡಿಸಿ ಮೊದಲು ಹುಡುಕಿದ್ದು ಕೊರಿನ್ ಹೆಸರನ್ನು. ಇರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹನ್ನೊಂದು ಮನೆ ಮುಗಿಸಿದಳು. ಬಾಯಿ ತಾನಾಗಿ ಡೀನ್‌ನ ಹೆಸರು ಹೇಳುತ್ತಿತ್ತು. ಹನ್ನೆರಡನೆಯದಕ್ಕೆ ಹೋಗುವಾಗ ಒಂದು ವಿಷಯ ಹೊಳೆದು ಕಾಲು ನಿಂತಿತು. ಪಟ್ಟಿಯಲ್ಲಿ ಇಲ್ಲದವಳು ಕೊರಿನ್ ಒಬ್ಬಳೇ ಅಲ್ಲ. ಮಾಯ್ಲೀಗೆ ಓಟು ಹಾಕಿದ ಒಂದು ಮನೆಯೂ ಅದರಲ್ಲಿ ಇರಲಿಲ್ಲ. ಡೀನ್‌ನ ಸ್ವಂತ ಬಾಮೈದನ ಮನೆಯೂ ಇರಲಿಲ್ಲ.

ರಸ್ತೆ ಬದಿಯ, ಬೆಂಕಿ ನಂದಿಸುವ ನೀರಿನ ನಲ್ಲಿಗೆ ಒರಗಿ ನಿಂತು ಲೆಕ್ಕ ಹಾಕಿದಳು. ಬೇಸಿಗೆಯಲ್ಲಿ ಮಾಯ್ಲೀ ಕಡೆಯವರಿಗೆ ಒಂದು, ಡೀನ್ ಕಡೆಯವರಿಗೆ ಐದು ಎಂದು ಬರೆದವಳು ತಾನೇ. ಗಣಿತದ ಮೇಷ್ಟ್ರು ಆ ನಂಬರುಗಳನ್ನು ಇದ್ದ ಹಾಗೇ ಕಂಪ್ಯೂಟರಿಗೆ ಹಾಕಿ ನವೆಂಬರಿನ ಪಟ್ಟಿ ತೆಗೆದಿದ್ದ. ಅಂದರೆ ಡೀನ್‌ನ ಬಾಮೈದ ಈಗ ಪಕ್ಷದ ಶತ್ರು. ಅವಳಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಯಾಕೆಂದರೆ ಈ ಬೀದಿಗಳಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ನೋವಾಗಿತ್ತೋ ಅವರೇ ಪಕ್ಷದ ಕಾಗದದಲ್ಲಿ ಖಂಡಿತದವರು. ನವೆಂಬರಿನವರೆಗೂ ಅವರ ಬಾಗಿಲು ಯಾರೂ ತಟ್ಟುವುದಿಲ್ಲ. ಎಲ್ಲಿಗೆ ಹೋದಾರು, ನಮ್ಮವರೇ ತಾನೆ! ಮನೆಯ ಮಗಳಿಗೆ ಕೊನೆಯಲ್ಲಿ ಬಡಿಸುವ ಹಾಗೆ.

ಸುಮ್ಮನೆ ಮುಂದಿನ ಮನೆಗೆ ಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ; ಕಾಗದವೇ ಅಪ್ಪಣೆ ಕೊಟ್ಟಿತ್ತು. ಆದರೆ ಆರ್ಡಿಸ್ ಬಂದ ದಾರಿಯಲ್ಲೇ ವಾಪಸು ನಡೆದು ಕೊರಿನ್‌ಳ ಮೆಟ್ಟಿಲು ಹತ್ತಿದಳು.

ಕೊರಿನ್ ಬಾಗಿಲು ತೆಗೆದು ಅವಳ ಕೈಯಲ್ಲಿದ್ದ ಹಾಳೆ ನೋಡಿದಳು. ಒಳಗೆ ಕರೆಯಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ. ಇಷ್ಟು ದಿನ ಬೇಕಾಯಿತಾ ರಸ್ತೆ ದಾಟೋದಕ್ಕೆ ಎಂದು ಕೇಳಿ, ಬೆನ್ನಿಗೆ ಕೈ ಕೊಟ್ಟುಕೊಂಡು ಜಗಲಿಯ ಕುರ್ಚಿಯಲ್ಲಿ ನಿಧಾನ ಕೂತಳು. ಆರ್ಡಿಸ್ ಸುತ್ತಿ ಬಳಸದೆ, ಡೀನ್‌ಗೆ ಓಟು ಕೇಳಲು ಬಂದಿದ್ದೇನೆ ಎಂದಳು.

"ಜುಲೈನಲ್ಲಿ ಇಲ್ಲೇ ಕೂತು ಹೇಳಿದ್ಯಲ್ಲ, ಅದು ಸುಳ್ಳಾ? ಇಲ್ಲ ಇದು ಸುಳ್ಳಾ?"

"ಎರಡೂ ನಿಜ ಕಣೇ. ಅದಕ್ಕೇ ಇಷ್ಟು ದಿನ ಬರಕ್ಕಾಗ್ಲಿಲ್ಲ."

ಆರ್ಡಿಸ್ ನರ್ಸುಗಳ ವಿಷಯ ಹೇಳಿದಳು, ಎಂಬತ್ತೆಂಟು ಓಟಿನ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಸಾಕಾಯಿತು. ಡೀನ್ ಒಳ್ಳೆಯವನು ಅಂತ ನಾನು ಹೇಳುವುದಿಲ್ಲ, ನನಗೆ ಸುಸ್ತಾಗಿದೆ ಎಂದು ನಿಲ್ಲಿಸಿಬಿಟ್ಟಳು. ಆಗ ಕೊರಿನ್ ಆ ಕಾಗದದಲ್ಲಿ ನನ್ನನ್ನು ಏನೆಂದು ಬರೆದಿದ್ದೀರಿ ಎಂದು ಕೇಳಿದಳು. ಆರ್ಡಿಸ್ ನಂಬರುಗಳ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು. ತಾನು ಒಂದನೇ ನಂಬರು ಎಂದು ಕೇಳಿ ಕೊರಿನ್ ಬೆನ್ನು ಹಿಡಿದುಕೊಂಡು ನಕ್ಕಳು. ಆಗಸ್ಟಿನ ನಂತರ ಆರ್ಡಿಸ್ ಆ ನಗು ಕೇಳಿದ್ದು ಅದೇ ಮೊದಲು.

ನಕ್ಕು ಮುಗಿಸಿ ಹೇಳಿದಳು: "ಅದನ್ನ ಹೊಡೆದ್ಹಾಕು. ನಾಲ್ಕು ಅಂತ ಬರಿ. ಡೀನೇ ಬಂದು, ಈ ಮೆಟ್ಟಿಲ ಮೇಲೆ ನಿಂತು, ಅವತ್ತು ಕೈ ಎತ್ತಿದ್ದು ನಾನೇ ಅಂತ ನನ್ನ ಮುಖ ನೋಡ್ಕೊಂಡು ಹೇಳ್ಲಿ. ಆಮೇಲೆ ಮೂರು ಮಾಡೋಣ. ಓಟು ಹಾಕ್ತೀನಿ ಅಂತಲ್ಲ ಮತ್ತೆ."

ಆರ್ಡಿಸ್ ಹಾಳೆಯ ಕೆಳಗೆ ಕೊರಿನ್‌ಳ ಹೆಸರು ಬರೆದು ನಾಲ್ಕು ಹಾಕಿದಳು. ನಿಂದೆಷ್ಟು ಎಂದಳು ಕೊರಿನ್. ಆರ್ಡಿಸ್ ಪೆನ್ಸಿಲ್ ತಿರುಗಿಸುತ್ತ ಕೂತು, ತನ್ನ ಹೆಸರೂ ಬರೆದು, ಎರಡು ಎಂದು ಹಾಕಿದಳು. ಕೊರಿನ್ ಪೆನ್ಸಿಲ್ ಇಸಿದುಕೊಂಡು ಆ ಎರಡನ್ನು ತಿದ್ದಿ ಮೂರು ಮಾಡಿದಳು. ಆರ್ಡಿಸ್ ಅದನ್ನು ಅಳಿಸಲಿಲ್ಲ.

ಸೋಮವಾರ ಹಾಳೆಯನ್ನು ಗೋರ್ಡನ್‌ನ ಮೇಜಿನ ಮೇಲಿಟ್ಟು, ಮೇಷ್ಟ್ರೇ, ಬೇಸಿಗೆಯ ಒಂದುಗಳನ್ನೆಲ್ಲ ಮತ್ತೆ ಮೂರು ಮಾಡಿ ಎಂದಳು. ಗೋರ್ಡನ್‌ಗೆ ತಪ್ಪು ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತ. ಹಾಳೆಯ ಕೊನೆಯ ಎರಡು ಮನೆಗೆ ಬೇರೆ ಯಾರೂ ಬೇಡ, ಡೀನ್ ಒಬ್ಬನೇ ಬರಬೇಕು ಎಂದಳು ಆರ್ಡಿಸ್. ಗೋರ್ಡನ್ ಕನ್ನಡಕ ಹಾಕಿಕೊಂಡು ಹೆಸರು ಓದಿದ.

"ಎರಡನೇದು ನಿನ್ನ ಮನೆ ಅಲ್ವಾ?"

"ಹೌದು. ಮೊದ್ಲು ಎದುರು ಮನೆಗೆ ಹೋಗು ಅಂತ ಹೇಳಿ ಅವನಿಗೆ. ನಾನು ಕಿಟಕೀಲಿ ನೋಡ್ತಿರ್ತೀನಿ. ಅವ್ಳು ಬಾಗಿಲು ತೆಗೆದ್ರೆ, ನಾನೂ ತೆಗೀತೀನಿ."