ಮೇಷ್ಟ್ರ ಮೊಣಕೈ

ಜಿಯು-ಜಿಟ್ಸು ಅನ್ನೋ ನೆಲದ ಕುಸ್ತಿ ಕಲಿಸುವ ನಮ್ಮ ಮೇಷ್ಟ್ರು ಚಾಪೆಯ ಮೇಲೆ ಅಂಗಾತ ಮಲಗಿದರೆಂದರೆ ಕೋಟೆಯ ಬಾಗಿಲು ಮುಚ್ಚಿದಂತೆಯೇ. ಹೇಗೋ ಹೆಣಗಾಡಿ ಅವರ ಕಾಲುಗಳ ಕಾವಲು ದಾಟಿದರೂ ಒಂದು ಮುಂಗೈ ನಮ್ಮ ಕುತ್ತಿಗೆಗೆ, ಇನ್ನೊಂದು ಸೊಂಟಕ್ಕೆ ತೊಲೆಯ ಹಾಗೆ ಅಡ್ಡ ಬರುತ್ತಿತ್ತು. ಆನೆ ಬಂದು ಒರಗಿದರೂ ಅದು ಅಲುಗದೆಂದು ನಾವು ಆಣೆಯಿಟ್ಟು ಹೇಳುತ್ತಿದ್ದೆವು. ಕೆಳಗಿನಿಂದಲೇ ಪಾಠವೂ ನಡೆಯುತ್ತಿತ್ತು: "ಗೋಡೆ ತಳ್ತೀಯೇನಪ್ಪಾ? ತಳ್ಳಿದಷ್ಟೂ ನನಗೇ ಲಾಭ. ಮೊಣಕೈ ಹಿಡ್ಕೊಂಡು ಪಕ್ಕಕ್ಕೆ ಸರಿಸು, ಆಮೇಲೆ ಎದೆ ಮೇಲೆ ಬಾ." ಹೇಳಿಕೊಟ್ಟರೂ ಬಿಟ್ಟುಕೊಡುತ್ತಿರಲಿಲ್ಲ, ಸ್ವಂತ ಮಗಳಿಗೂ. ಸೋತ ದಿನ ಅವಳು ಮೂತಿ ಊದಿಸಿಕೊಂಡು ಅಪ್ಪನನ್ನು ಹಿಂದೆ ಬಿಟ್ಟು ಮನೆಗೆ ನಡೆಯುತ್ತಿದ್ದಳು. ಕಡೆಗೊಂದು ಸಂಜೆ ಅವಳೇ ಆ ಮೊಣಕೈಯನ್ನು ಮೆಲ್ಲಗೆ ಸರಿಸಿ ಅವರ ಎದೆಯ ಮೇಲೆ ಮೈಭಾರ ಹಾಕಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳು ಏಳಹೋದಾಗ ಮೇಷ್ಟ್ರು ತಡೆದರು: "ಸ್ವಲ್ಪ ಇರು ಮಗಳೇ, ಚಿಕ್ಕವಳಿದ್ದಾಗ ನೀನು ನಿದ್ದೆ ಮಾಡ್ತಿದ್ದಿದ್ದು ಇಲ್ಲೇ."